ಮಳೆ ನಿಲ್ಲುವುದರೊಳಗೆ ರೀಲ್ ಬಿಚ್ಚಿ

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಗೋವಾದ ಮಾಲಿಂ, ಖಾರಿವಾಡೊ, ಕುಟ್ಬಣ ಜೆಟ್ಟಿಗಳಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ. ಬಲೆಯವರು ಬಲೆ ಹೊಲಿಯುತ್ತಾರೆ, ಮೆಕ್ಯಾನಿಕ್‌ಗಳು ಎಂಜಿನ್ ಬಿಚ್ಚುತ್ತಾರೆ. ಪ್ರವಾಸಿಗರನ್ನು ದೊಡ್ಡ ಮೀನಿನ ಗಾಳಕ್ಕೆ ಕರೆದೊಯ್ಯುವ ಬೋಟುಗಳಲ್ಲಿನ, ಗಾಳದ ದಾರ ಸುತ್ತುವ ರೀಲ್‌ಗಳು ಮಾತ್ರ ರಾಡ್ ಸಮೇತ ಗೋಡೆಗೆ ಒರಗಿಕೊಂಡು ಹಾಗೇ ಇರುತ್ತವೆ. ಅವುಗಳನ್ನು ನೋಡಿಕೊಳ್ಳುವವರಲ್ಲಿ ನಮ್ಮ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರೂ ಇದ್ದಾರೆ. ಬಿಚ್ಚಿ ಅಂದರೆ ಅವರು ಕೊಡುವ ಉತ್ತರ ಒಂದೇ: ‘ಅಣ್ಣಾ, ಡಬ್ಲ್ಯೂಡಿ-40 ಹೊಡದೀನಲ್ರೀ, ಮತ್ಯಾಕ ಬಿಚ್ಚೋದು?’

ಯಾಕೆಂದರೆ ಡಬ್ಲ್ಯೂಡಿ-40 ಎಂಬ ಸ್ಪ್ರೇ ಎಣ್ಣೆ ನೀರನ್ನು ಓಡಿಸುತ್ತದೆ, ಒಳಗೆ ಕೂತ ಉಪ್ಪನ್ನಲ್ಲ. ಸಮುದ್ರದ ನೀರು ಸ್ಕ್ರೂ ಸಂದಿಯಿಂದ, ಹ್ಯಾಂಡಲ್ ಬುಡದಿಂದ ಒಳಗೆ ಹೋಗುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಮಳೆಗಾಲದ ಗಾಳಿಯಲ್ಲಿರುವ ತೇವವನ್ನು ಎಳೆದುಕೊಂಡು ಆ ಉಪ್ಪು ಮತ್ತೆ ಒದ್ದೆಯಾಗುತ್ತದೆ. ರೀಲ್‌ನ ಚೌಕಟ್ಟು ಅಲ್ಯುಮಿನಿಯಂ, ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್. ಈ ಎರಡರ ನಡುವೆ ಉಪ್ಪುನೀರು ಸೇರಿದರೆ ಸಣ್ಣ ಬ್ಯಾಟರಿಯೇ ಆಯಿತು. ಅದರಲ್ಲಿ ಸವೆಯುವುದು ಯಾವಾಗಲೂ ಅಲ್ಯುಮಿನಿಯಂ. ಸ್ಕ್ರೂ ಸುತ್ತ ಬಿಳಿ ಪುಡಿ ಕಂಡರೆ ಈ ಕೆಲಸ ಶುರುವಾಗಿದೆ ಎಂದೇ ಅರ್ಥ. ರೀಲ್ ಹಾಳಾಗುವುದು ಮೀನು ಎಳೆದು ಅಲ್ಲ, ಹೀಗೆ ಸುಮ್ನೆ ಕೂತು.

ಇಲ್ಲಿ ಹೇಳುತ್ತಿರುವುದು ಟ್ರೋಲಿಂಗ್‌ಗೆ, ಅಂದರೆ ಓಡುವ ಬೋಟಿನ ಹಿಂದೆ ಗಾಳ ಎಳೆಯುವುದಕ್ಕೆ, ಬಳಸುವ ದೊಡ್ಡ ರೀಲ್‌ಗಳ ಬಗ್ಗೆ. ಮೀನು ದಾರ ಎಳೆಯುವಾಗ ತಡೆ ಕೊಡುವ ಬ್ರೇಕಿಗೆ ಡ್ರ್ಯಾಗ್ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ: ಪಕ್ಕದಲ್ಲಿ ಲಿವರ್ ಇರುವ ಲಿವರ್ ಡ್ರ್ಯಾಗ್, ಹ್ಯಾಂಡಲ್ ಬುಡದಲ್ಲಿ ನಕ್ಷತ್ರದಂಥ ಚಕ್ರ ಇರುವ ಸ್ಟಾರ್ ಡ್ರ್ಯಾಗ್. ಮೊದಲ ಸಲ ಕೈ ಹಾಕುವವರು ಸ್ಟಾರ್ ಡ್ರ್ಯಾಗ್‌ನಿಂದ ಶುರು ಮಾಡುವುದು ಒಳ್ಳೆಯದು. ಫಿಲಡೆಲ್ಫಿಯಾದಲ್ಲಿ 1932ರಲ್ಲಿ ಶುರುವಾದ ಪೆನ್ ಕಂಪನಿಯ ಸೆನೇಟರ್ ಇದೇ ಜಾತಿಯದು, 1936ರಲ್ಲಿ ಬಂದದ್ದು. ಹಳೇ ಸೆನೇಟರ್ ಒಂದು ಸಿಕ್ಕರೆ ಕಲಿಯಲು ಅದಕ್ಕಿಂತ ಒಳ್ಳೆಯ ರೀಲ್ ಇಲ್ಲ.

ಮೊದಲು ಸಾಮಾನು ಜೋಡಿಸಿಕೊಳ್ಳಿ. ಹಳೇ ಹಲ್ಲುಜ್ಜುವ ಬ್ರಷ್, ಇಯರ್ ಬಡ್, ಬಿಳಿ ಬಟ್ಟೆ, ಸೀಮೆಎಣ್ಣೆ, ಐಸೊಪ್ರೊಪೈಲ್ ಆಲ್ಕೋಹಾಲ್. ಔಟ್‌ಬೋರ್ಡ್ ಎಂಜಿನ್ ಅಂಗಡಿಯಲ್ಲಿ ಸಿಗುವ ಮರೀನ್ ಗ್ರೀಸ್. ತೆಳು ರೀಲ್ ಎಣ್ಣೆ. ಡ್ರ್ಯಾಗ್‌ಗೆಂದೇ ಬರುವ ಗ್ರೀಸ್ ಬೇರೆ, ಅದನ್ನು ತರಿಸಿಕೊಳ್ಳಬೇಕು. ಸ್ಕ್ರೂ ಡ್ರೈವರ್ ವಿಷಯದಲ್ಲಿ ಜಿಪುಣತನ ಬೇಡ. ಜಪಾನಿನ ರೀಲ್‌ಗಳ ಪ್ಲಸ್ ಸ್ಕ್ರೂ ನೋಡಲು ಮಾಮೂಲಿ ಪ್ಲಸ್‌ನಂತೆಯೇ ಇರುತ್ತದೆ, ಆದರೆ ಅದರ ತಲೆಯ ಅಳತೆ ಜೆಐಎಸ್ ಎಂಬ ಬೇರೆ ಮಾನಕದ್ದು. ಮಾಮೂಲಿ ಡ್ರೈವರ್ ಹಾಕಿದರೆ ಜಾರಿ ತಲೆ ಸವೆಯುತ್ತದೆ. ಆಮೇಲೆ ಡ್ರಿಲ್ ಹಿಡಿಯಬೇಕಾಗುತ್ತದೆ. ಇನ್ನೊಂದು, ಮನೆಯಲ್ಲಿ ಕೇಳಿ ಒಂದು ಹಳೇ ಇಡ್ಲಿ ತಟ್ಟೆ ಇಸಿದುಕೊಳ್ಳಿ. ಬಿಚ್ಚಿದ ಭಾಗಗಳನ್ನು ವರಸೆಯಾಗಿ ತಟ್ಟೆಯ ಒಂದೊಂದು ಗುಳಿಯಲ್ಲಿ ಹಾಕುತ್ತಾ ಹೋದರೆ ಜೋಡಿಸುವಾಗ ತಲೆ ಕೆಡುವುದಿಲ್ಲ. ಯಾವ ದುಬಾರಿ ಟ್ರೇಯೂ ಇದರ ಮುಂದೆ ನಿಲ್ಲದು.

ಕಂಪನಿಯ ವೆಬ್‌ಸೈಟ್‌ನಲ್ಲಿ ನಿಮ್ಮ ಮಾಡೆಲ್‌ನ ಬಿಡಿಭಾಗಗಳ ಚಿತ್ರ ಸಿಕ್ಕರೆ ಇಳಿಸಿಕೊಳ್ಳಿ. ಸಿಗದಿದ್ದರೂ ಚಿಂತೆಯಿಲ್ಲ, ಪ್ರತಿ ಭಾಗ ತೆಗೆಯುವ ಮೊದಲು ಮೊಬೈಲ್‌ನಲ್ಲಿ ಒಂದು ಫೋಟೊ ಹೊಡೆಯಿರಿ. ಹೊರಮೈ ತೊಳೆದು, ಒರೆಸಿ, ಹ್ಯಾಂಡಲ್ ಇರುವ ಕಡೆಯಿಂದ ಬಿಚ್ಚಲು ಶುರು ಮಾಡಿ. ಮೊದಲು ಹ್ಯಾಂಡಲ್, ನಂತರ ಸ್ಟಾರ್, ಆಮೇಲೆ ಪಕ್ಕದ ತಟ್ಟೆಯ ಸ್ಕ್ರೂಗಳು. ಸ್ಕ್ರೂ ಅಲುಗದಿದ್ದರೆ ಬಲ ಹಾಕಬೇಡಿ. ಜಂಗು ಬಿಡಿಸುವ ಎಣ್ಣೆ ಒಂದು ಹನಿ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಬೆಳಿಗ್ಗೆ ಎಣ್ಣೆ ಒರೆಸಿ, ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂ ತಲೆಗೆ ಸ್ವಲ್ಪ ಹೊತ್ತು ಒತ್ತಿ ಹಿಡಿದು ನಂತರ ತಿರುಗಿಸಿ. ಅಲ್ಯುಮಿನಿಯಂ ರೀಲ್‌ಗೆ ಇದು ಸರಿ, ಗ್ರಾಫೈಟ್ ಮೈಯ ರೀಲ್‌ಗೆ ಬಿಸಿ ತಾಗಿಸಬೇಡಿ.

ತೆಗೆದ ಗೇರ್‌ಗಳನ್ನು, ಲೋಹದ ಭಾಗಗಳನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಹಳೇ ಗ್ರೀಸ್ ಪೂರ್ತಿ ತೆಗೆಯಿರಿ. ರಬ್ಬರ್ ರಿಂಗ್‌ಗಳನ್ನು, ಕಾರ್ಬನ್ ವಾಷರ್‌ಗಳನ್ನು ಮಾತ್ರ ಸೀಮೆಎಣ್ಣೆ ಹತ್ತಿರವೂ ತರಬೇಡಿ. ರಬ್ಬರ್ ಉಬ್ಬುತ್ತದೆ, ಕಾರ್ಬನ್ ಹೀರಿಕೊಳ್ಳುತ್ತದೆ. ಬೇರಿಂಗ್ ತೊಳೆದು ಒಣಗಿಸಿ, ಬೆರಳಿಗೆ ಸಿಕ್ಕಿಸಿ ನಿಧಾನವಾಗಿ ತಿರುಗಿಸಿ ನೋಡಿ. ಒಳಗೆ ಮರಳು ಸಿಕ್ಕಂತೆ ಕರಕರ ಅಂದರೆ ಅದರ ಆಯಸ್ಸು ಮುಗಿದಿದೆ, ಎಷ್ಟು ಎಣ್ಣೆ ಬಿಟ್ಟರೂ ಬಾರದು. ಒಳ ವ್ಯಾಸ, ಹೊರ ವ್ಯಾಸ, ದಪ್ಪ ಈ ಮೂರನ್ನು ವರ್ನಿಯರ್‌ನಲ್ಲಿ ಅಳೆದು ಬೇರಿಂಗ್ ಅಂಗಡಿಗೆ ಹೋಗಿ. ಸ್ಟೇನ್‌ಲೆಸ್ ಬೇಕೆಂದೇ ಕೇಳಿ. ಮಾಮೂಲಿ ಸ್ಟೀಲ್‌ನದು ಅಗ್ಗ, ಆದರೆ ಸಮುದ್ರಕ್ಕೆ ಬಾಳುವುದಿಲ್ಲ.

ಈಗ ಗ್ರೀಸ್. ಇಡೀ ಕೆಲಸದಲ್ಲಿ ಜಾಸ್ತಿ ಕೆಡುವುದು ಇಲ್ಲೇ. ಕೆಲವರು ಎಲ್ಲ ಕಡೆ ಮೆತ್ತುತ್ತಾರೆ, ಕೆಲವರು ಗೇರ್‌ಗೆ ಮಾತ್ರ ಸ್ವಲ್ಪ ಸವರಿ ಮುಗಿಸುತ್ತಾರೆ. ಎರಡೂ ತಪ್ಪು.

ಧಾರಾಳವಾಗಿ ಹಾಕಬೇಕಾದ ಜಾಗ: ಗೇರ್‌ನ ಹಲ್ಲುಗಳು, ಪಕ್ಕದ ತಟ್ಟೆಯ ಒಳಮೈ, ಪ್ರತಿಯೊಂದು ಸ್ಕ್ರೂವಿನ ಹುರಿ, ರಾಡ್‌ಗೆ ಕೂರುವ ಪಾದದ ಅಡಿಭಾಗ. ಇಲ್ಲಿ ಗ್ರೀಸ್ ಇದ್ದಷ್ಟೂ ಉಪ್ಪುನೀರಿಗೆ ಜಾಗ ಇರುವುದಿಲ್ಲ. ಹ್ಯಾಂಡಲ್ ಕಡೆಯ ಬೇರಿಂಗ್‌ಗೂ ತುಂಬಿಸಿ. ಟ್ರೋಲಿಂಗ್ ರೀಲ್ ಆದರೆ ಗಾಳದ ದಾರ (ಲೈನ್) ಸುತ್ತಿರುವ ಸ್ಪೂಲ್‌ನ ಬೇರಿಂಗ್‌ಗೂ ಗ್ರೀಸೇ ಇರಲಿ. ದೂರಕ್ಕೆ ಎಸೆಯುವ ಕೆಲಸ ಅದಕ್ಕಿಲ್ಲ, ಹಾಗಾಗಿ ಸ್ಪೂಲ್ ಭರ್ರನೆ ತಿರುಗದಿದ್ದರೆ ಏನೂ ನಷ್ಟವಿಲ್ಲ, ಅಲ್ವಾ?

ಹಾಕಲೇಬಾರದ ಜಾಗ: ಹ್ಯಾಂಡಲ್ ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಕ್ಲಚ್. ಅದರ ಒಳಗಿನ ಸಣ್ಣ ರೋಲರ್‌ಗಳು ತಕ್ಷಣ ಬಿಗಿಯಾಗಿ ಕಚ್ಚಬೇಕು. ದಪ್ಪ ಗ್ರೀಸ್ ಇದ್ದರೆ ಜಾರುತ್ತವೆ. ತೆಳು ಎಣ್ಣೆ ಒಂದೆರಡು ಹನಿ ಸಾಕು. ಹಲ್ಲುಚಕ್ರಕ್ಕೆ ಕಚ್ಚುವ ಸಣ್ಣ ನಾಲಿಗೆಗೂ, ಅದರ ಸ್ಪ್ರಿಂಗ್‌ಗೂ ಇದೇ ನಿಯಮ. ಮೀನು ಪೂರ್ತಿ ಬಲದಲ್ಲಿ ಎಳೆಯುತ್ತಿರುವಾಗ ಈ ನಾಲಿಗೆ ಅಂಟಿಕೊಂಡರೆ ಹ್ಯಾಂಡಲ್ ಹಿಂದಕ್ಕೆ ರಪರಪನೆ ಸುತ್ತಿ ಬೆರಳು ಮುರಿಯುತ್ತದೆ. ಜೋಡಿಸಿದ ಮೇಲೆ ಹ್ಯಾಂಡಲನ್ನು ಹಿಂದಕ್ಕೆ ಒತ್ತಿ ನೋಡದೆ ಯಾವ ರೀಲನ್ನೂ ಬೋಟಿಗೆ ಕೊಡಬೇಡಿ.

ಡ್ರ್ಯಾಗ್ ವಾಷರ್‌ಗಳು ಒಂದರ ಮೇಲೊಂದು ಕೂರುತ್ತವೆ: ಒಂದು ಕಾರ್ಬನ್, ಒಂದು ಲೋಹ, ಮತ್ತೆ ಕಾರ್ಬನ್. ಲೋಹದವುಗಳಲ್ಲಿ ಎರಡು ಬಗೆ. ಹೊರಗೆ ಕಿವಿ ಇರುವವು ದೊಡ್ಡ ಗೇರ್ ಜೊತೆ ತಿರುಗುತ್ತವೆ. ನಡುವಿನ ತೂತು ಚಪ್ಪಟೆ ಅಂಚಿನದಾದರೆ ಅವು ಹ್ಯಾಂಡಲ್‌ನ ದಂಡದ ಜೊತೆ ನಿಲ್ಲುತ್ತವೆ. ಈ ಎರಡರ ನಡುವೆ ಕಾರ್ಬನ್ ಉಜ್ಜುವುದರಿಂದಲೇ ಮೀನಿಗೆ ತಡೆ ಹುಟ್ಟುವುದು. ವರಸೆ ತಪ್ಪಿದರೆ ಡ್ರ್ಯಾಗ್ ಅರ್ಧ ಬಲಕ್ಕೂ ಬಾರದು. ಕಾರ್ಬನ್ನನ್ನು ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಡ್ರ್ಯಾಗ್ ಗ್ರೀಸನ್ನು ದೋಸೆ ಹೆಂಚಿಗೆ ಎಣ್ಣೆ ಸವರಿದಷ್ಟು ಹಚ್ಚಿ, ಉಳಿದದ್ದನ್ನು ಒರೆಸಿಬಿಡಿ. ಬಟ್ಟಲಿನಂತೆ ಬಾಗಿದ ಸ್ಪ್ರಿಂಗ್ ವಾಷರ್‌ಗಳಿದ್ದರೆ ಯಾವುದು ಯಾವ ಕಡೆಗೆ ಬಾಗಿತ್ತು ಎಂದು ಫೋಟೊ ನೋಡಿಯೇ ಕೂರಿಸಿ. ಲಿವರ್ ಡ್ರ್ಯಾಗ್‌ನಲ್ಲಿ ಕೆಲವು ಕಂಪನಿಗಳು ಒಣ ಡ್ರ್ಯಾಗ್ ಕೊಡುತ್ತವೆ. ಅದಕ್ಕೆ ಗ್ರೀಸ್ ಹಚ್ಚಬೇಕೋ ಬೇಡವೋ ಎಂಬುದನ್ನು ಕಂಪನಿಯ ಸೂಚನೆ ನೋಡಿ ತೀರ್ಮಾನಿಸಿ, ಜೆಟ್ಟಿಯ ಮಾತು ಕೇಳಿ ಅಲ್ಲ.

ಜೋಡಿಸಿದ ಮೇಲೆ ಡ್ರ್ಯಾಗ್ ಎಷ್ಟು ತೂಕಕ್ಕೆ ಬಿಡುತ್ತದೆ ಎಂದು ನೋಡಬೇಕು. ಬ್ಯಾಗ್ ತೂಗುವ ಡಿಜಿಟಲ್ ತಕ್ಕಡಿ ಸಾಕು. ಲೈನ್‌ನ ತುದಿಯನ್ನು ಅದರ ಕೊಕ್ಕೆಗೆ ಕಟ್ಟಿ, ರೀಲ್‌ನಿಂದ ನೇರವಾಗಿ ಎಳೆಯಿರಿ. ಮೀನು ಕಚ್ಚುವ ಹೊತ್ತಿಗೆ ಇರಬೇಕಾದ ಬಿಗಿ ಲೈನ್ ತಡೆಯುವ ಭಾರದ ಕಾಲು ಭಾಗದಿಂದ ಮೂರನೇ ಒಂದು ಭಾಗ. 50 ಪೌಂಡ್ ಲೈನ್ ಅಂದರೆ ಸುಮಾರು 22.7 ಕೆಜಿ. ಹಾಗಾದರೆ ತಕ್ಕಡಿ ಸುಮಾರು 5.7ರಿಂದ 7.5 ಕೆಜಿ ತೋರಿಸಬೇಕು. ಅಂಕಿಗಿಂತ ಮುಖ್ಯವಾದದ್ದು ಎಳೆತ ಒಂದೇ ಸಮ ಇದೆಯೇ ಎಂಬುದು. ಮುಳ್ಳು ಕುಣಿದಂತೆ ಅಂಕಿ ಮೇಲೆ ಕೆಳಗೆ ಹಾರಿದರೆ ವಾಷರ್‌ನಲ್ಲಿ ಎಲ್ಲೋ ಕೊಳೆ ಇದೆ ಅಥವಾ ಲೋಹದ ವಾಷರ್ ಬಾಗಿದೆ. ಮತ್ತೆ ಬಿಚ್ಚಿ.

ಜಾಸ್ತಿ ಬಿಗಿ ಮಾಡುವವರು ಒಂದು ಲೆಕ್ಕ ತಿಳಿದಿರಬೇಕು. ಲೈನ್ ಹೊರಗೆ ಹೋದಂತೆ ಸ್ಪೂಲ್ ಮೇಲಿನ ಸುತ್ತು ಚಿಕ್ಕದಾಗುತ್ತದೆ. ಸುತ್ತಿನ ವ್ಯಾಸ ಅರ್ಧಕ್ಕೆ ಇಳಿದರೆ, ಲಿವರ್ ಮುಟ್ಟದಿದ್ದರೂ ಎಳೆತ ಎರಡರಷ್ಟು ಆಗುತ್ತದೆ. 7.5 ಕೆಜಿ ಇಟ್ಟದ್ದು 15 ಕೆಜಿ! ಅದರ ಮೇಲೆ ಬಾಗಿದ ರಾಡ್‌ಗೆ ಲೈನ್ ಉಜ್ಜುವುದು, ನೀರಿನಲ್ಲಿರುವ ಲೈನ್‌ನ ಎಳೆತ ಬೇರೆ. ಮೀನು ದೂರ ಓಡಿದಾಗ ಬಿಗಿ ಹೆಚ್ಚಿಸುವುದಲ್ಲ, ಸ್ವಲ್ಪ ಬಿಡಬೇಕು. ಲಿವರ್ ಡ್ರ್ಯಾಗ್‌ನ ಬಿಗಿಯ ಮಿತಿ ಹೊಂದಿಸುವ ಪ್ರೀಸೆಟ್ ಗುಂಡಿಯನ್ನು ತಿರುಗಿಸುವುದಾದರೆ ಲಿವರ್ ಪೂರ್ತಿ ಹಿಂದೆ, ಫ್ರೀಯಲ್ಲಿ ಇರುವಾಗ ಮಾತ್ರ.

ಇನ್ನು ದಿನದ ಆರೈಕೆ. ದಡಕ್ಕೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ಸಿಹಿನೀರನ್ನು ಮಳೆಯ ಹಾಗೆ ಮೆಲ್ಲಗೆ ಬಿಟ್ಟು ತೊಳೆಯಿರಿ. ಬೋಟ್ ತೊಳೆಯುವ ಪ್ರೆಷರ್ ಪೈಪನ್ನು ರೀಲ್ ಕಡೆ ತಿರುಗಿಸಬೇಡಿ, ಅದು ಉಪ್ಪನ್ನು ಒಳಗೇ ದೂಡುತ್ತದೆ. ಬಕೆಟ್‌ನಲ್ಲಿ ಮುಳುಗಿಸುವುದೂ ಬೇಡ. ಒರೆಸಿ, ನೆರಳಲ್ಲಿ ಆರಿಸಿ, ನಂತರ ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ. ಬಿಗಿಯಲ್ಲೇ ಇಟ್ಟರೆ ವಾಷರ್‌ಗಳು ಒತ್ತಿಕೊಂಡು ಕೂರುತ್ತವೆ.

ಬೇಲ್ (ಲೈನನ್ನು ಸ್ಪೂಲ್‌ಗೆ ಸುತ್ತುವ ಬಾಗಿದ ತಂತಿ) ಇರುವ ಸ್ಪಿನ್ನಿಂಗ್ ರೀಲ್ ನಿಮ್ಮಲ್ಲಿದ್ದರೆ ಲೈನ್ ಹಾದುಹೋಗುವ ಸಣ್ಣ ರೋಲರ್ ಮೇಲೆ ಕಣ್ಣಿಡಿ. ಮೊದಲು ಸಾಯುವುದು ಅದೇ. ನಿಂತ ರೋಲರ್ ಲೈನನ್ನು ಗರಗಸದಂತೆ ತಿನ್ನುತ್ತದೆ. ಅದನ್ನು ಬಿಚ್ಚಿ ಒಂದು ಹನಿ ಎಣ್ಣೆ ಬಿಡುವುದು ಯಾರಿಗಾದರೂ ಸಾಧ್ಯ. ಆದರೆ ನೀರು ಹೋಗದಂತೆ ಸೀಲ್ ಮಾಡಿದ ದುಬಾರಿ ಸ್ಪಿನ್ನಿಂಗ್ ರೀಲ್‌ನ ಹೊಟ್ಟೆಗೆ ಮಾತ್ರ ಕೈ ಹಾಕಬೇಡಿ. ಒಳಗಿನ ಷಿಮ್ ಎಂಬ ತೆಳು ಬಿಲ್ಲೆಗಳು ಒಂದು ಆಚೀಚೆ ಆದರೂ ಗೇರ್ ಗೊರಗೊರ ಅನ್ನುತ್ತದೆ. ಅದನ್ನು ಸರ್ವಿಸ್‌ಗೆ ಕಳಿಸಿ. ಜೂನ್‌ನಲ್ಲೇ ಕಳಿಸಿದರೆ ಸೀಸನ್ ಹೊತ್ತಿಗೆ ಕೈಗೆ ಬರುತ್ತದೆ, ಸೆಪ್ಟೆಂಬರ್‌ನಲ್ಲಿ ಕಳಿಸಿದರೆ ಗಿರಾಕಿ ಬರುವಾಗ ರೀಲ್ ಇರುವುದಿಲ್ಲ.

ಸರ್ವಿಸ್ ಆದ ರೀಲನ್ನು ರಬ್ಬರ್ ಥರದ ನಿಯೋಪ್ರೀನ್ ಚೀಲದಲ್ಲಿ ಕಟ್ಟಿಡಬೇಡಿ. ಗೋವಾದ ಮಳೆಗಾಲದಲ್ಲಿ ಅದರೊಳಗೆ ತೇವ ನಿಂತು ಮತ್ತೆ ಅದೇ ಬಿಳಿ ಪುಡಿ ಏಳುತ್ತದೆ. ಹತ್ತಿ ಬಟ್ಟೆಯ ಚೀಲ ಸಾಕು, ಗಾಳಿಯಾಡುವ ಕಪಾಟಿನಲ್ಲಿ, ನೆಲದಿಂದ ಮೇಲೆ.