ಅಂಗಾತ ಮಲಗುವವರಿಗೆ ಮೆತ್ತನೆ ಮೆಮೊರಿ ಫೋಮ್: ಚಿಕ್ಕಮಗಳೂರಿನ ಚಳಿಗೆ ಕೊನೆಗೂ ಕೂಡಿಬಂದ ಲೆಕ್ಕ

ನಾನೇ ಜೋಡಿಸಿದ ಹಾಸಿಗೆ ಇದು: ಮೇಲೆ 2 ಇಂಚು ಮೆಮೊರಿ (ಮೈಯ ಕಾವಿಗೆ ಮೆತ್ತಗಾಗಿ ನಿಧಾನ ಇಳಿಯುವ ಫೋಮ್), ಅದರಡಿ 2 ಇಂಚು ಮೆತ್ತನೆ ಎಚ್‌ಆರ್ (ಒತ್ತಿ ಬಿಟ್ಟ ಕೂಡಲೇ ಪುಟಿದೇಳುವ ಫೋಮ್), ತಳಕ್ಕೆ 4 ಇಂಚು ಗಟ್ಟಿ ಫೋಮ್. ಇಷ್ಟೇ. ಎರಡು ಚಳಿಗಾಲ, ಎರಡು ಮಳೆಗಾಲ ಕಳೆದಿದೆ, ಹಾಸಿಗೆ ಹಾಕಿದ ದಿನದಷ್ಟೇ ಮೆತ್ತಗಿದೆ. ಅಂಗಾತ ಮಲಗುವವರಿಗೆ ಮೆತ್ತನೆ ಹಾಸಿಗೆ ಮಾಡ್ತೀನಿ ಅಂದಾಗ ಕುಶನ್ ಕೆಲಸದವರಲ್ಲಿ ಒಪ್ಪಿದವರು ಒಬ್ಬರೂ ಇಲ್ಲ. ‘ಸೊಂಟ ಜಗ್ಗಿಹೋಗುತ್ತೆ, ಬೆನ್ನಿಗೆ ಹಲಗೆಯೇ ಸರಿ’ ಅನ್ನೋದೇ ಎಲ್ಲರ ಮಾತು. ಹಲಗೆಯ ಮಾತು ಹಳೆಯದು. ಬಹುಕಾಲದ ಸೊಂಟನೋವಿನ 313 ಜನರ ಮೇಲೆ ಸ್ಪೇನ್‌ನಲ್ಲಿ ಮಾಡಿದ ಪರೀಕ್ಷೆ 2003ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಅದರಲ್ಲಿ ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿಯ ಹಾಸಿಗೆಯವರಿಗೇ ನೋವು ಕಡಿಮೆಯಾಗಿತ್ತು. ಒಟ್ಟು ಹಾಸಿಗೆ ಮಧ್ಯಮವಾಗಿರಬೇಕು, ಮೈ ತಾಗುವ ಪದರ ಮಾತ್ರ ನಿಜವಾಗಿ ಮೆತ್ತಗಿರಬೇಕು. ನಾನು ಹುಡುಕಿದ್ದು ಇದನ್ನೇ.

ಮೊದಲು ಸೋತ ಲೆಕ್ಕ. ಪೆಟ್ಟಿಗೆಯಲ್ಲಿ ಸುತ್ತಿ ಬಂದ 10 ಇಂಚಿನ ಹಾಸಿಗೆಗೆ ಸುಮಾರು 14,000. ಡಿಸೆಂಬರ್‌ನಲ್ಲಿ ಬಿಚ್ಚಿದ್ದರಿಂದ ಪೂರ್ತಿ ಉಬ್ಬಲು ನಾಲ್ಕು ದಿನ ಹಿಡಿಯಿತು. ‘ಸಾಫ್ಟ್’ ಅಂತ ಬರೆದಿದ್ದರು, ಬೆಳಗಿನ ಜಾವಕ್ಕೆ ಮಣೆಯ ಹಾಗೆ. ವಾಪಸ್ ತೆಗೆದುಕೊಂಡರು, ದುಡ್ಡು ಬರಲು ಮಾತ್ರ ತಿಂಗಳ ಮೇಲಾಯಿತು. ಆಮೇಲೆ 80 ಡೆನ್ಸಿಟಿಯ (ಘನ ಮೀಟರಿಗೆ 80 ಕೆಜಿ ತೂಗುವ) 3 ಇಂಚು ಮೆಮೊರಿ ಟಾಪರ್ (ಹಾಸಿಗೆ ಮೇಲೆ ಹಾಸುವ ಪದರ), ಏಳೂವರೆ ಸಾವಿರ, ಪೂರ್ತಿ ನಷ್ಟ. ಡೆನ್ಸಿಟಿ ಕಡಿಮೆಯಾದರೆ ಮೆತ್ತಗಾಗುತ್ತೆ ಅಂದುಕೊಂಡು ತಂದ 40ರ ಹಾಳೆ, 2,600. ಅದು ಮೆತ್ತಗೇನೋ ಇತ್ತು, ಆದರೆ ಐದು ತಿಂಗಳಲ್ಲಿ ಪೃಷ್ಠ ಊರುವ ಜಾಗದಲ್ಲಿ ಮುಕ್ಕಾಲು ಇಂಚು ಗುಂಡಿ. ಡೆನ್ಸಿಟಿ ತೋರಿಸುವುದು ತೂಕವನ್ನು, ಬಾಳಿಕೆಯನ್ನು. ಗಟ್ಟಿಯೋ ಮೆತ್ತಗೋ ಅನ್ನೋದನ್ನು ಅದು ಹೇಳುವುದಿಲ್ಲ. ಇದು ಗೊತ್ತಿದ್ದೂ ಕೊಳ್ಳುವಾಗ ಎಲ್ಲರೂ ಡೆನ್ಸಿಟಿಯನ್ನೇ ಕೇಳ್ತೇವೆ.

ನಿಜವಾದ ತೊಡಕು ಚಳಿ. ಮೆಮೊರಿ ಫೋಮ್ ಕಾವಿಗೆ ಸಡಿಲ, ತಣ್ಣಗಾದರೆ ಬಿಗಿ. ಬೆಂಗಳೂರಿನ ಶೋರೂಮಿನಲ್ಲಿ ಮಧ್ಯಾಹ್ನ ಎರಡು ಗಂಟೆಗೆ 27 ಡಿಗ್ರಿಯಲ್ಲಿ ಒತ್ತಿ ನೋಡಿದ ಫೋಮ್, ಮೂಡಿಗೆರೆ ಕಡೆಯ ಹೆಂಚಿನ ಮನೆಯಲ್ಲಿ ಜನವರಿಯ ಬೆಳಗಿನ ಐದು ಗಂಟೆಗೆ ಬೇರೆ ವಸ್ತುವೇ ಆಗಿರುತ್ತೆ. ಮೈ ತಾಗಿದಲ್ಲಿ ಕಾವು ಏರಿ ಸಡಿಲವಾಗುತ್ತೆ ನಿಜ, ಆದರೆ ಅದು ಮೇಲಿನ ಒಂದೆರಡು ಇಂಚಿಗೆ ಮಾತ್ರ. ಕೆಳಗಿನದು ತಣ್ಣಗೇ ಉಳಿಯುತ್ತೆ. ಅದಕ್ಕೇ ದಪ್ಪ ಮೆಮೊರಿ ಹಾಕಿದಷ್ಟೂ ಚಳಿಗಾಲದಲ್ಲಿ ಹಾಸಿಗೆ ಗಟ್ಟಿಯಾಯಿತು. 4 ಇಂಚಿನಿಂದ 3ಕ್ಕೆ, 3ರಿಂದ 2ಕ್ಕೆ ಇಳಿಸಿದ ಮೇಲೆ ದಾರಿ ಕಂಡಿತು. ಮೆತ್ತನೆಯ ಉಳಿದ ಭಾಗವನ್ನು ಚಳಿಗೆ ಅಷ್ಟಾಗಿ ಬದಲಾಗದ ಎಚ್‌ಆರ್ ಕೊಡಬೇಕು.

ಅಳೆಯದೆ ಕೊಂಡರೆ ದುಡ್ಡು ಹೋದ ಹಾಗೇ. ಅಳತೆಗೆ ಲ್ಯಾಬ್ ಬೇಡ. 15 ಇಂಚು ಚೌಕದ, ಒಟ್ಟು 4 ಇಂಚು ದಪ್ಪದ ತುಂಡು ಬೇಕು. 2 ಇಂಚಿನ ಹಾಳೆಯಾದರೆ ಎರಡು ತುಂಡು ಒಂದರ ಮೇಲೊಂದು ಇಡಿ. ಪ್ಲೈವುಡ್ಡಿನಲ್ಲಿ 8 ಇಂಚು ವ್ಯಾಸದ ಬಿಲ್ಲೆ ಕೊರೆದು, ಅಂಚು ಉಜ್ಜಿ, ನಡುವೆ ಇಡಿ. ಮೇಲೆ ಖಾಲಿ ಕ್ಯಾನ್ ಇಟ್ಟು ಲೀಟರ್ ಲೆಕ್ಕದಲ್ಲಿ ನೀರು ಸುರಿಯಿರಿ. ಬಿಲ್ಲೆ ಸರಿಯಾಗಿ 1 ಇಂಚು ಇಳಿದಾಗ ಬಿಲ್ಲೆ, ಕ್ಯಾನ್, ನೀರು ಮೂರರ ತೂಕ ಕೂಡಿಸಿ. ಕೆಜಿಯನ್ನು 2.2ರಿಂದ ಗುಣಿಸಿದರೆ ಐಎಲ್‌ಡಿ, ಅಂದರೆ ಫೋಮ್ ಎಷ್ಟು ಗಟ್ಟಿ ಅನ್ನೋ ಸಂಖ್ಯೆ; ಮುಂದೆ ನಾನು ಕೆಜಿಯಲ್ಲೇ ಹೇಳ್ತೀನಿ. ಮೆಮೊರಿಗೆ ಪ್ರತಿ ಸಲ ನೀರು ಹಾಕಿದ ಮೇಲೆ ಒಂದು ನಿಮಿಷ ಬಿಟ್ಟು ಓದಬೇಕು, ಅದು ನಿಧಾನ ಇಳಿಯುತ್ತೆ. ಲ್ಯಾಬ್ ಅಂಕಿಗಿಂತ ಸ್ವಲ್ಪ ಹೆಚ್ಚುಕಮ್ಮಿ ಬಂದರೂ ಒಂದು ಫೋಮ್‌ಗೆ ಇನ್ನೊಂದನ್ನು ಹೋಲಿಸಲು ಧಾರಾಳ ಸಾಕು.

ಈ ಅಳತೆಯನ್ನು ಹಗಲು ಒಂದು ಸಲ, ತುಂಡನ್ನು ರಾತ್ರಿಯಿಡೀ ಜಗಲಿಯಲ್ಲಿ ಬಿಟ್ಟು ಬೆಳಗಿನ ಜಾವ ಇನ್ನೊಂದು ಸಲ ಮಾಡಿ. ನೆನಪಿದ್ದ ಹಾಗೆ, ಈಗ ಬಳಸುವ ಮೆಮೊರಿ ಫೋಮ್ ಹಗಲು ನಾಲ್ಕೂವರೆ ಕೆಜಿ, 16 ಡಿಗ್ರಿಯಲ್ಲಿ ಆರರ ಹತ್ತಿರ. ನಷ್ಟವಾದ ಆ 80ರ ಟಾಪರ್ ಹಗಲು ಆರೇ ಇತ್ತು, ಜಾವಕ್ಕೆ 13 ದಾಟಿತು. ಹಗಲಿನ ಅಂಕಿಗಿಂತ ಈ ಎರಡರ ನಡುವಿನ ಅಂತರವೇ ಮುಖ್ಯ. ನಡುವಿನ ಎಚ್‌ಆರ್‌ಗೆ 8ರಿಂದ 9 ಕೆಜಿ, ತಳದ 40 ಡೆನ್ಸಿಟಿ ಪಿಯುಗೆ (ಮಾಮೂಲಿ ಪಾಲಿಯುರೆಥೇನ್ ಫೋಮ್) 16 ಕೆಜಿ ಮೇಲೆ ಇರಲಿ.

ಅಂಗಡಿಯವರು ಹೇಳಿದ ಡೆನ್ಸಿಟಿಯನ್ನೂ ತಕ್ಕಡಿಗೆ ಹಾಕಿ. 72x60 ಇಂಚು ಅಳತೆಯ 2 ಇಂಚು ದಪ್ಪದ ಹಾಳೆ 50 ಡೆನ್ಸಿಟಿ ಆಗಿದ್ದರೆ 7 ಕೆಜಿ ತೂಗಬೇಕು. ಐದೂಮುಕ್ಕಾಲು ತೂಗಿದರೆ ಅದು 40. ತೂಕ ಸರಿಯಿದ್ದೂ ಕತ್ತರಿಸಿದ ಅಂಚನ್ನು ಉಜ್ಜಿದಾಗ ಬಿಳಿ ಪುಡಿ ಉದುರಿದರೆ ಸುಣ್ಣಕಲ್ಲಿನ ಪುಡಿ ಬೆರೆಸಿ ತೂಕ ಏರಿಸಿದ್ದಾರೆ ಅಂತ ಅರ್ಥ, ಮುಟ್ಟಬೇಡಿ. ನಾನು ತರುವ ಜಾಗದ ಹೆಸರು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಬರುವುದೇ ತಿಂಗಳಿಗೆ ಒಂದೋ ಎರಡೋ ಬ್ಲಾಕ್.

ಜೋಡಿಸುವಾಗ ಅಂಟನ್ನು ಹಾಳೆ ಪೂರ್ತಿ ಬಳಿದರೆ ನಡುವೆ ಒಂದು ಒಣ ಗಟ್ಟಿ ಪೊರೆ ಕೂತು ಮೆತ್ತನೆಯೆಲ್ಲ ಹೋಗುತ್ತೆ. ಮೊದಲ ಜೋಡಣೆ ಹಾಗೇ ಕೆಟ್ಟಿತು. ಸುತ್ತ ಅಂಚಿಗೆ ಮೂರು ಬೆರಳಗಲ, ಒಳಗೆ ಅಡ್ಡಕ್ಕೆ ನಾಲ್ಕು ತೆಳು ಗೆರೆ ಸ್ಪ್ರೇ ಮಾಡಿದರೆ ಸಾಕು. ಕವರ್ ಹಾಕುವ ಮುಂಚೆ ಒಂದು ದಿನ ಗಾಳಿಯಾಡಲಿ. ಅಂಗಾತ ಮಲಗಿದಾಗ ಸೊಂಟದ ಕೆಳಗೆ ಬರುವ ಹತ್ತಿಂಚು ಅಗಲದ ಪಟ್ಟಿಯಲ್ಲಿ ನಡುವಿನ ಪದರ ಬೇರೆಯೇ ಇದೆ. ಏನು ಹಾಕಿದ್ದೇನೆ, ಎಷ್ಟು ದಪ್ಪ ಅನ್ನೋದು ನನ್ನಲ್ಲೇ ಇರಲಿ, ಅದನ್ನು ಸರಿಮಾಡಲು ಏಳು ತುಂಡು ಹಾಳಾಗಿವೆ. ಪರೀಕ್ಷೆ ಮಾತ್ರ ಹೇಳ್ತೀನಿ: ಮಲಗಿ ಹತ್ತು ನಿಮಿಷ ಆದ ಮೇಲೆ ಸೊಂಟದಡಿ ಅಂಗೈ ತೂರಿಸಿ. ಸಲೀಸಾಗಿ ಓಡಾಡಿದರೆ ಹಾಸಿಗೆ ಗಟ್ಟಿ. ಕೈ ಸಿಕ್ಕಿಕೊಂಡು ಬರದಿದ್ದರೆ ಪೃಷ್ಠ ಮುಳುಗಿದೆ. ಸ್ವಲ್ಪ ಒತ್ತಿದರೆ ಹೋಗಿ, ಎಳೆದರೆ ಬರಬೇಕು.

ಕವರ್ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಒಳ್ಳೆಯ ಫೋಮ್ ಮೇಲೆ ದಪ್ಪ ಕ್ವಿಲ್ಟ್ ಹೊಲಿದ ಬಟ್ಟೆ ಹಾಕಿದರೆ ಬಟ್ಟೆ ತಮಟೆಯ ಹಾಗೆ ಬಿಗಿದು, ಮೈ ಫೋಮ್‌ಗೆ ಇಳಿಯುವುದೇ ಇಲ್ಲ. ಎಲ್ಲ ಕಡೆಗೂ ಹಿಗ್ಗುವ ಹೆಣಿಗೆ ಬಟ್ಟೆಯೇ ಬೇಕು. ನೀರು ತಡೆಯುವ ಪ್ಲಾಸ್ಟಿಕ್ ಪ್ರೊಟೆಕ್ಟರ್, ಬಿಗಿಯಾಗಿ ಸಿಕ್ಕಿಸಿದ ಬೆಡ್‌ಶೀಟ್ ಎರಡೂ ಅದೇ ತಪ್ಪು ಮಾಡ್ತವೆ. ಹಾಸಿಗೆ ಗಟ್ಟಿ ಅಂತ ಬಂದ ದೂರುಗಳಲ್ಲಿ ಅರ್ಧ ಬೆಡ್‌ಶೀಟ್ ಸಡಿಲಿಸಿದ್ದಕ್ಕೇ ಸರಿಹೋದವು.

ನಡುವೆ ಒಂದೆರಡು ಬೇರೆ ಪ್ರಯೋಗವೂ ನಡೆಯಿತು. ಮೇಲೆ ಒಂದಿಂಚು ಬೂರುಗದ ಹತ್ತಿ ಹಾಕಿದಾಗ ಮೊದಲ ವಾರ ಸ್ವರ್ಗ, ಮಳೆ ಹಿಡಿದ ಮೇಲೆ ಉಂಡೆ ಉಂಡೆ. ಎಚ್‌ಆರ್ ಬದಲು ಕೇರಳದ ಲ್ಯಾಟೆಕ್ಸ್ ಬಹಳ ಚೆನ್ನಾಗಿ ಕೂತಿತು, ಚಳಿಗೂ ಜಗ್ಗಲಿಲ್ಲ. ಆದರೆ ಖರ್ಚು ಎರಡೂವರೆ ಪಟ್ಟು, ಎತ್ತಿ ನಿಲ್ಲಿಸಲು ಇಬ್ಬರು ಬೇಕು. ಹೊಸ ಫೋಮ್ ಪಳಗಲಿ ಅಂತ 50 ಕೆಜಿಯ ಕಾಫಿ ಮೂಟೆ ಮೂರು ರಾತ್ರಿ ಇಟ್ಟಿದ್ದೂ ಉಂಟು. ಬಿಲ್ಲೆಯಲ್ಲಿ ಅಳೆದರೆ ಅರ್ಧ ಕೆಜಿಯಷ್ಟು ಸಡಿಲವಾಗಿತ್ತು. ಈಗಲೂ ಹಾಗೇ ಮಾಡ್ತೀನಿ.

ಮಲೆನಾಡಿನಲ್ಲಿ ಮಂಚವೂ ಲೆಕ್ಕಕ್ಕೆ ಸೇರಬೇಕು. ಒಂದೇ ಪ್ಲೈವುಡ್ ಹಾಳೆಯ ಮೇಲೆ ಫೋಮ್ ಹಾಕಿದರೆ ಜುಲೈ ಹೊತ್ತಿಗೆ ತಳದಲ್ಲಿ ಕಪ್ಪು ಬೂಷ್ಟು. ಎರಡೂವರೆ ಇಂಚು ಬಿಟ್ಟು ಪಟ್ಟಿ ಹೊಡೆದ ಮಂಚ ಸರಿ, ಇಲ್ಲದಿದ್ದರೆ ಹಾಳೆಗೆ ಅಡಿಗೊಂದು ತೂತು ಕೊರೆಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಗೋಡೆಗೆ ಒರಗಿಸಿ ಫ್ಯಾನ್ ಗಾಳಿ ಬಿಡಿ. ಹತ್ತಿ ಹಾಸಿಗೆಯ ಹಾಗೆ ಬಿಸಿಲಿಗೆ ಹಾಕುವ ರೂಢಿ ಇದಕ್ಕೆ ಆಗದು. ಬಿಸಿಲು ಬಿದ್ದ ಫೋಮ್ ಹಳದಿ ತಿರುಗಿ ಪುಡಿಯಾಗುತ್ತೆ.

ನನಗೆ ಆಗ ಆದ ಖರ್ಚು, 72x60ಕ್ಕೆ: ಮೆಮೊರಿ 3,400, ಎಚ್‌ಆರ್ 1,700, ತಳ 3,200, ಹೆಣಿಗೆ ಕವರ್ 1,600, ಅಂಟು ಮತ್ತು ಬಸ್ಸಿನ ಸಾಗಣೆ 600. ಹತ್ತೂವರೆ ಸಾವಿರ. ಈ ಮೆತ್ತನೆ ಪೇಟೆಯಲ್ಲಿ 30,000 ಕೊಟ್ಟರೂ ನನಗೆ ಸಿಗಲಿಲ್ಲ. ಅಳತೆಗಳೆಲ್ಲ 55ರಿಂದ 75 ಕೆಜಿ ತೂಕದವರಿಗೆ. 85 ದಾಟಿದವರಿಗೆ ಮೇಲಿನ ಪದರ ಹಾಗೇ ಬಿಟ್ಟು ನಡುವಿನ ಎಚ್‌ಆರ್ ಅನ್ನು 11 ಕೆಜಿಯದಕ್ಕೆ ಬದಲಿಸಬೇಕು, ಮೇಲಿನದನ್ನು ಗಟ್ಟಿ ಮಾಡಬೇಡಿ. ದಿಂಬನ್ನು 5 ಇಂಚಿನಿಂದ 3ಕ್ಕೆ ಇಳಿಸಿ. ಬೆನ್ನು ಇಳಿದು ತಲೆ ಮಾತ್ರ ಮೇಲೆ ಉಳಿದರೆ ಗದ್ದ ಎದೆಗೆ ಒತ್ತಿ, ಕುತ್ತಿಗೆ ನೋವಿಗೆ ಹಾಸಿಗೆಯನ್ನೇ ಬೈಯುವಂತಾಗುತ್ತೆ.