ತೀರಿಕೊಂಡ ಸಂಗಾತಿಯ ಐಸಾ ಮಿತಿಯನ್ನು ಪಡೆಯುವ ಬಗೆ

ಬ್ರಿಟನ್ನಿನಲ್ಲಿ ಐಸಾ (ಇಂಡಿವಿಜುವಲ್ ಸೇವಿಂಗ್ಸ್ ಅಕೌಂಟ್) ಎಂಬ ಉಳಿತಾಯ ಖಾತೆಯಲ್ಲಿಟ್ಟ ಹಣದ ಬಡ್ಡಿಗೂ ಲಾಭಕ್ಕೂ ತೆರಿಗೆಯಿಲ್ಲ. ಆದರೆ ಒಬ್ಬರು ವರ್ಷಕ್ಕೆ ಐಸಾಗಳಿಗೆ ಒಟ್ಟು 20,000 ಪೌಂಡಿಗಿಂತ ಹೆಚ್ಚು ಹಾಕುವಂತಿಲ್ಲ. ಗಂಡನೋ ಹೆಂಡತಿಯೋ ತೀರಿಕೊಂಡು, ಅವರು ವರ್ಷಗಟ್ಟಲೆ ಕೂಡಿಟ್ಟ ಮೊತ್ತ ಖಾತೆಯಿಂದ ಹೊರಬಂದರೆ, ಈ ಮಿತಿಯೊಳಗೆ ಅದನ್ನು ಮತ್ತೆ ಸೇರಿಸಲು ಉಳಿದವರಿಗೆ ಬಹಳ ಕಾಲ ಬೇಕಾಗುತ್ತದೆ. ಅದಕ್ಕೆಂದೇ ‘ಅಡಿಷನಲ್ ಪರ್ಮಿಟೆಡ್ ಸಬ್‌ಸ್ಕ್ರಿಪ್ಷನ್’ ಅಥವಾ ಎಪಿಎಸ್ ಎಂಬ ಹೆಚ್ಚುವರಿ ಮಿತಿ 2015ರ ಏಪ್ರಿಲ್ 6ರಿಂದ ಜಾರಿಯಲ್ಲಿದ್ದು, 2014ರ ಡಿಸೆಂಬರ್ 3ರಂದು ಅಥವಾ ಅದರ ನಂತರ ಸಂಭವಿಸಿದ ಮರಣಗಳಿಗೆ ಅನ್ವಯಿಸುತ್ತದೆ.

ಹಲವರು ಎಡವುವುದು ಇಲ್ಲಿ: ಎಪಿಎಸ್ ಮೂಲಕ ಸಿಗುವುದು ಹಣವಲ್ಲ, ಹಣ ಹಾಕುವ ಹಕ್ಕು. ಹಣ ಉಯಿಲಿನಂತೆ ಮಕ್ಕಳಿಗೋ ಬೇರೆಯವರಿಗೋ ಹೋದರೂ ಹಕ್ಕು ಮಾತ್ರ ಸಂಗಾತಿಗೇ ಸೇರುತ್ತದೆ, ಮತ್ತು ಆ ಹಕ್ಕನ್ನು ತಮ್ಮದೇ ಬೇರೆ ಉಳಿತಾಯದಿಂದಲೂ ಬಳಸಿಕೊಳ್ಳಬಹುದು. ಆದ್ದರಿಂದ ‘ನನಗೇನೂ ಬರಲಿಲ್ಲ’ ಎಂದು ಅರ್ಜಿಯನ್ನೇ ಹಾಕದಿರುವುದು ಸರಿಯಲ್ಲ. ಆದರೆ ಮರಣದ ವೇಳೆಗೆ ಇಬ್ಬರೂ ಕಾನೂನುಬದ್ಧ ದಂಪತಿಯಾಗಿ ಅಥವಾ ಸಿವಿಲ್ ಪಾರ್ಟ್‌ನರ್‌ಗಳಾಗಿ (ಮದುವೆಯ ಬದಲು ಕಾನೂನಿನಡಿ ನೋಂದಾಯಿತ ಸಂಗಾತಿಗಳಾಗಿ) ಒಟ್ಟಿಗೆ ಬಾಳುತ್ತಿರಬೇಕು. ಮದುವೆಯಾಗದೆ ಜೊತೆಗಿದ್ದವರಿಗೆ ಈ ಹಕ್ಕಿಲ್ಲ.

ಮಿತಿ ಎಷ್ಟೆಂಬುದು ಸ್ವಲ್ಪ ಗಮನ ಬೇಡುವ ವಿಷಯ. 2018ರ ಏಪ್ರಿಲ್ 6ರಿಂದೀಚೆಗೆ ಸಂಭವಿಸಿದ ಮರಣಗಳಲ್ಲಿ ಮೃತರ ಐಸಾ ಕೂಡಲೇ ತೆರಿಗೆಗೆ ಒಳಪಡುವುದಿಲ್ಲ. ಆಸ್ತಿಯ ವಿಲೇವಾರಿ ಮುಗಿಯುವವರೆಗೆ, ಖಾತೆ ಮುಚ್ಚುವವರೆಗೆ ಅಥವಾ ಮೂರು ವರ್ಷ ತುಂಬುವವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಿನಾಯಿತಿ ಮುಂದುವರಿಯುತ್ತದೆ. ಮರಣದ ದಿನದ ಮೌಲ್ಯ ಮತ್ತು ಈ ಅವಧಿ ಮುಗಿದಾಗಿನ ಮೌಲ್ಯಗಳಲ್ಲಿ ಹೆಚ್ಚಿನದೇ ಎಪಿಎಸ್ ಮಿತಿ. ಅವಧಿ ಮುಗಿಯುವ ಮೊದಲೇ ಹಣ ಹಾಕಲು ಆರಂಭಿಸಿದರೆ ಮರಣದ ದಿನದ ಮೌಲ್ಯವೇ ನಿಲ್ಲುತ್ತದೆ. ಹಣವನ್ನು ಷೇರುಗಳಲ್ಲಿ ಹೂಡಿದ ಐಸಾದ ಮೌಲ್ಯ ಏರುತ್ತಿರುವಾಗ ತುಸು ಕಾಯುವುದೇ ಲೇಸು. ಮೃತರ ಖಾತೆಯಲ್ಲಿ 60,000 ಪೌಂಡ್ ಇತ್ತೆನ್ನಿ: ಸಂಗಾತಿ ಆ ವರ್ಷ ತಮ್ಮ 20,000ವನ್ನೂ ಸೇರಿಸಿ 80,000 ಪೌಂಡ್ ಹಾಕಬಹುದು. ಮಕ್ಕಳ ಹೆಸರಿನ ಜೂನಿಯರ್ ಐಸಾಕ್ಕೆ ಈ ಸೌಲಭ್ಯವಿಲ್ಲ.

ಅರ್ಜಿಯನ್ನು ಮೊದಲು ಮೃತರ ಐಸಾ ಇದ್ದ ಸಂಸ್ಥೆಗೆ ಸಲ್ಲಿಸಬೇಕು. ಮರಣ ಪ್ರಮಾಣಪತ್ರ, ವಿವಾಹ ಪ್ರಮಾಣಪತ್ರ, ಇಬ್ಬರ ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ (ಬ್ರಿಟನ್ನಿನ ಸಾಮಾಜಿಕ ವಿಮೆಯ ಗುರುತಿನ ಸಂಖ್ಯೆ) ಸಿದ್ಧವಿರಲಿ. ಎರಡು ಸಂಸ್ಥೆಗಳಲ್ಲಿ ಖಾತೆಗಳಿದ್ದರೆ ಎರಡು ಪ್ರತ್ಯೇಕ ಹಕ್ಕುಗಳು, ಎರಡು ಅರ್ಜಿಗಳು. ಹಕ್ಕನ್ನು ಉತ್ತಮ ಬಡ್ಡಿ ಕೊಡುವ ಬೇರೊಂದು ಸಂಸ್ಥೆಗೆ ಒಮ್ಮೆ ವರ್ಗಾಯಿಸಲು ಅವಕಾಶವಿದೆ, ಆದರೆ ಆ ಸಂಸ್ಥೆ ಎಪಿಎಸ್ ಸ್ವೀಕರಿಸಲೇಬೇಕೆಂಬ ಕಡ್ಡಾಯವಿಲ್ಲ. ಹಳೆಯ ಸಂಸ್ಥೆಯಲ್ಲಿ ಈ ಹಕ್ಕಿನಡಿ ಒಂದು ಪೌಂಡ್ ಹಾಕಿದರೂ ಉಳಿದ ಹಕ್ಕು ಅಲ್ಲೇ ಉಳಿದುಬಿಡುವುದರಿಂದ, ಎಲ್ಲಿ ಇಡಬೇಕೆಂಬುದನ್ನು ಮೊದಲ ಕಂತಿಗೆ ಮುನ್ನವೇ ತೀರ್ಮಾನಿಸಿರಿ.

ನಗದು ಹಾಕಲು ಮರಣದಿಂದ ಮೂರು ವರ್ಷ, ಅಥವಾ ಆಸ್ತಿಯ ವಿಲೇವಾರಿ ಮುಗಿದ ಮೇಲೆ 180 ದಿನ, ಇವುಗಳಲ್ಲಿ ಯಾವುದು ಕೊನೆಗೆ ಬರುವುದೋ ಅಲ್ಲಿಯವರೆಗೆ ಸಮಯವಿದೆ. ಷೇರುಗಳನ್ನು ಮಾರದೆ ಹಾಗೆಯೇ ವರ್ಗಾಯಿಸಿಕೊಳ್ಳುವವರು ಮಾತ್ರ, ಅವು ತಮ್ಮ ಒಡೆತನಕ್ಕೆ ಬಂದ 180 ದಿನಗಳೊಳಗೆ, ಅದೇ ಸಂಸ್ಥೆಯಲ್ಲಿಯೇ ಆ ಕೆಲಸ ಮುಗಿಸಬೇಕು.