ಬೇರೆ ಸಬ್‌ನೆಟ್‌ನ ಪ್ರಿಂಟರ್ ಲಿಸ್ಟಿನಲ್ಲಿ ಬರದಿದ್ದರೆ

ಆಫೀಸಿನ ಲಿನಕ್ಸ್ ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟರ್ ಹುಡುಕಿದರೆ ಲಿಸ್ಟ್ ಖಾಲಿ. ಐಪಿ ಅಡ್ರೆಸ್ ಕೊಟ್ಟು ಸೇರಿಸಿದರೆ ಮಾತ್ರ ಪ್ರಿಂಟ್ ಸಲೀಸಾಗಿ ಬರುತ್ತಿತ್ತು. ಅಂದಮೇಲೆ ಡ್ರೈವರ್ ಸರಿ ಇದೆ, ತೊಂದರೆ ಇರುವುದು ಹುಡುಕುವುದರಲ್ಲಿ ಅಲ್ವಾ?

ಪ್ರಿಂಟರ್ 'ನಾನಿಲ್ಲಿದ್ದೇನೆ' ಅಂತ ಸಾರುವುದು ಎಂಡಿಎನ್‌ಎಸ್ (ಒಂದೇ ನೆಟ್‌ವರ್ಕಿನ ಸಾಧನಗಳು ಒಂದನ್ನೊಂದು ಹೆಸರಿನಿಂದ ಹುಡುಕಿಕೊಳ್ಳುವ ವಿಧಾನ) ಮೂಲಕ, 224.0.0.251 ವಿಳಾಸಕ್ಕೆ, ಯುಡಿಪಿ ಪೋರ್ಟ್ 5353ರಲ್ಲಿ. ಈ ಕೂಗು ತನ್ನ ಸಬ್‌ನೆಟ್ (ನೆಟ್‌ವರ್ಕಿನ ಒಂದು ಭಾಗ) ಬಿಟ್ಟು ಆಚೆ ಹೋಗುವುದಿಲ್ಲ, ರೂಟರ್ ಅದನ್ನು ದಾಟಿಸುವುದೇ ಇಲ್ಲ. ನಮ್ಮಲ್ಲಿ ಪ್ರಿಂಟರ್‌ಗಳು ಒಂದು ವಿಲ್ಯಾನ್‌ನಲ್ಲಿ (ಸ್ವಿಚ್‌ನಲ್ಲೇ ಬೇರ್ಪಡಿಸಿದ ನೆಟ್‌ವರ್ಕ್), ವೈಫೈ ಇನ್ನೊಂದರಲ್ಲಿ, ಅಂದರೆ ಬೇರೆ ಬೇರೆ ಸಬ್‌ನೆಟ್. ಹಾಗಿದ್ದಾಗ ಲ್ಯಾಪ್‌ಟಾಪಿನಲ್ಲಿ ಡ್ರೈವರ್ ತೆಗೆದು ಮತ್ತೆ ಹಾಕುವುದು ಸುಮ್ನೆ ಟೈಮ್ ವೇಸ್ಟ್.

ಎರಡೂ ಕಡೆ ಇಂಟರ್‌ಫೇಸ್ (ನೆಟ್‌ವರ್ಕ್ ಸಂಪರ್ಕ) ಇರುವ ಒಂದು ಲಿನಕ್ಸ್ ಮಷೀನಿನಲ್ಲಿ ಎಂಡಿಎನ್‌ಎಸ್ ನಡೆಸುವ ಅವಾಹಿ ಎಂಬ ಸಾಫ್ಟ್‌ವೇರ್ ಹಾಕಿದೆ. ಅದರ ಕಾನ್ಫಿಗ್ ಫೈಲಿನಲ್ಲಿ ಒಂದು ಕಡೆಯ ಕೂಗನ್ನು ಇನ್ನೊಂದು ಕಡೆಗೆ ದಾಟಿಸುವ 'ಎನೇಬಲ್-ರಿಫ್ಲೆಕ್ಟರ್' ಅನ್ನು 'ಯೆಸ್' ಮಾಡಿ, 'ಅಲೋ-ಇಂಟರ್‌ಫೇಸಸ್' ಸಾಲಿನಲ್ಲಿ ಆ ಎರಡೇ ಇಂಟರ್‌ಫೇಸ್ ಹೆಸರು ಬರೆದು ಸರ್ವಿಸ್ ರೀಸ್ಟಾರ್ಟ್ ಮಾಡಿದ್ದೇ ತಡ, ಪ್ರಿಂಟರ್‌ಗಳೆಲ್ಲ ಲಿಸ್ಟಿಗೆ ಬಂದವು. ಆ ಸಾಲನ್ನು ದಯವಿಟ್ಟು ಬಿಡಬೇಡಿ. ಬಿಟ್ಟರೆ ಆ ಮಷೀನಿಗೆ ಗೆಸ್ಟ್ ನೆಟ್‌ವರ್ಕ್ ಕೂಡ ಸೇರಿದ್ದರೆ ಅಲ್ಲಿಗೂ ಎಲ್ಲ ಕಾಣಿಸುತ್ತದೆ.

ಇನ್ನೊಂದು ವಿಷಯ, ರಿಫ್ಲೆಕ್ಟರ್ ದಾಟಿಸುವುದು ಹೆಸರುಗಳನ್ನಷ್ಟೇ. ಪ್ರಿಂಟ್ ಹೋಗುವ ಐಪಿಪಿ ಪೋರ್ಟ್ 631 ಅನ್ನು ಫೈರ್‌ವಾಲ್‌ನಲ್ಲಿ ಬೇರೆಯಾಗಿಯೇ ತೆರೆಯಬೇಕು. ಲ್ಯಾಪ್‌ಟಾಪಿನ ಫೈರ್‌ವಾಲ್ 5353 ಅನ್ನು ತಡೆಯುತ್ತಿದೆಯಾ ಅಂತಲೂ ನೋಡಿಕೊಳ್ಳಿ.